ಸಕ್ಕರೆಯೋ ಔಷಧಿಯೋ

ಆಚೆ ಬೋಲ್ಟ್ ಬಿತ್ತು.

ದಪ್ಪ ಉಕ್ಕಿನ ಬಾಗಿಲು. ಒಳಗೆ ಮೈನಸ್ ಮೂವತ್ತು ಡಿಗ್ರಿ. ನನ್ನ ಮೈಮೇಲೆ ಒಂದು ತೆಳು ಅಂಗಿ. ಎಡ ಕಂಕುಳಲ್ಲಿ ಒಂದು ಗಾಜಿನ ಟ್ಯೂಬು.

ಟ್ಯೂಬಿನಲ್ಲಿ ನನ್ನಕ್ಕನ ರಕ್ತ.

ಅದು ಗಡ್ಡೆ ಕಟ್ಟಿ ಗಾಜು ಬಿರುಕು ಬಿಟ್ಟರೆ ಅಕ್ಕನ ಕತೆ ಮುಗಿದ ಹಾಗೆ. ಕಂಕುಳು ಬಿಗಿ ಮಾಡಿದೆ. ಹಲ್ಲು ಕಟಕಟ ಅನ್ನೋಕೆ ಶುರುವಾಯಿತು... ಚಳಿಗೋ ಭಯಕ್ಕೋ, ಕೇಳಬೇಡಿ.

"ಲೋ ಅರ್ಜೆಂಟು," ಅಂತ ಆಚೆಯಿಂದ ದನಿ. "ಹಾಯಾಗಿದ್ಯಾ? ಟ್ಯೂಬು ಕೊಡ್ತೀನಿ ಅಂತ ಮೂರು ಸಲ ಬಾಗಿಲು ತಟ್ಟು. ತೆಗೀತೀನಿ. ಇಲ್ಲಾಂದ್ರೆ ಮೇಲೆ ಸಾಹೇಬ್ರ ಭಾಷಣ ಮುಗಿಯೋವರೆಗೆ ಅಲ್ಲೇ ಐಸ್‌ಕ್ಯಾಂಡಿ ಆಗಿರು."

ಗೂಳಿ. ನಮ್ಮ ಸಂಸ್ಥೆಯ ಸೆಕ್ಯೂರಿಟಿ ಚೀಫ್. ಕತ್ತು ಅನ್ನೋ ಸಾಮಾನು ಅವನಿಗೆ ಕೊಡೋಕೆ ದೇವರು ಮರೆತಿದ್ದಾನೆ. ತಲೆ ನೇರ ಭುಜದ ಮೇಲೆ ಕೂತಿದೆ.

ಅರ್ಜೆಂಟು ಅಂದರೆ ನಾನು. ಏಳನೇ ಕ್ಲಾಸಿಗೆ ಸ್ಕೂಲಿಗೆ ಸಲಾಂ ಹೊಡೆದವನು. ಇಲ್ಲಿರೋರೆಲ್ಲ ಹೆಸರಿನ ಹಿಂದೆ ಮುಂದೆ ಡಿಗ್ರಿ ನೇತುಹಾಕಿಕೊಂಡ ವಿಜ್ಞಾನಿಗಳು. ಬಂದರಿನಲ್ಲಿ ಐಸ್ ಪೆಟ್ಟಿಗೆ ಸಿಕ್ಕಿಹಾಕಿಕೊಂಡರೆ ಬಿಡಿಸೋದು ನಾನು. ಸ್ಟ್ರೈಕ್ ದಿನ ಗ್ಯಾಸ್ ಲಾರಿ ಒಳಗೆ ತರೋದು ನಾನು. ಯಾರ ಕೈ ಕುಲುಕಬೇಕು, ಯಾರ ಕಾಲರ್ ಹಿಡೀಬೇಕು ಅನ್ನೋದು ಅವರ ಪುಸ್ತಕದಲ್ಲಿ ಇಲ್ಲ. ಆಗ ನನ್ನ ಕರೀತಾರೆ. "ಅರ್ಜೆಂಟಾಗಿ ಬಾರಪ್ಪಾ..."

ಇವತ್ತು ಅರ್ಜೆಂಟು ನಂದು. ಯಾರೂ ಬರಲಿಲ್ಲ.

ಬಾಗಿಲಿಗೆ ಒಳಗಿನಿಂದ ತೆಗೆಯೋ ಹಿಡಿಕೆ ಇರಬೇಕು. ತಡಕಾಡಿದೆ. ಹಿಡಿಕೆ ಇದ್ದ ಜಾಗದಲ್ಲಿ ಒಂದು ತೂತು. ಹಿಮದ ಮೇಲೆ ಸಂಶೋಧನೆ ಮಾಡೋ ಜನ ಆ ಹಿಡಿಕೆಗೆ ತಮ್ಮ ದಪ್ಪ ಕೋಟು ನೇತುಹಾಕಿ ನೇತುಹಾಕಿ ಕಿತ್ತುಹಾಕಿದ್ದರು. ಲೋಕದ ಹಿಮವೆಲ್ಲ ಯಾವಾಗ ಕರಗುತ್ತೆ ಅಂತ ಲೆಕ್ಕ ಹಾಕೋರಿಗೆ ಒಂದು ಹಿಡಿಕೆ ಎಷ್ಟು ಕೋಟು ತಡೆಯುತ್ತೆ ಅಂತ ಗೊತ್ತಾಗಲಿಲ್ಲ.

ಹಿಂದೆ ಏನೋ ಸರಿದ ಸದ್ದು.

ತಿರುಗಿದೆ.

ಕಪಾಟುಗಳ ನಡುವೆ ಒಂದು ದೀಪ. ಟೋಪಿ, ಕನ್ನಡಕ, ಮೊಣಕಾಲವರೆಗೆ ಕೋಟು. ಕೈಯಲ್ಲಿ ಗರಗಸ. ಹಿಮನದಿಯ ಹೊಟ್ಟೆಯಿಂದ ಕೊರೆದು ತಂದ ಐಸಿನ ಉದ್ದ ಕಂಬವೊಂದು ಮೇಜಿನ ಮೇಲೆ ಮಲಗಿತ್ತು.

ಐಸ್ ಮೇಡಂ. ಹವಾಮಾನ ವಿಭಾಗದವರು.

"ಅಂಗಿಯಲ್ಲಿ ಬಂದಿದ್ದೀಯ," ಅಂದರು. "ಬುದ್ಧಿ ಇದ್ಯಾ ನಿಂಗೆ?"

"ಮೇಡಂ... ಕೂಗಬೇಡಿ."

"ನಾನ್ಯಾಕೆ ಕೂಗಲಿ? ಬಾಗಿಲು ಯಾಕೆ ಹಾಕಿದ?"

"ನೀವು ಒಳಗಿರೋದು ಅವನಿಗೆ ಗೊತ್ತಿಲ್ಲ. ನೀವು ಒಂದು ಸಲ ತಟ್ಟಿದ್ರೆ ತೆಗೀತಾನೆ. ನೀವು ಆಚೆ ಹೋಗ್ತೀರ. ನಾನು ಸಿಕ್ಕಿಬೀಳ್ತೀನಿ. ನನ್ನಕ್ಕ ಸಾಯ್ತಾಳೆ."

ಮೇಡಂ ಗರಗಸ ಕೆಳಗಿಟ್ಟರು. ಮೂಲೆಯಲ್ಲಿದ್ದ ಇನ್ನೊಂದು ಕೋಟು ಎತ್ತಿ ನನ್ನ ಮೇಲೆ ಎಸೆದರು.

"ಬೇಗ ಹೇಳು."

ಬೇಗನೇ ಹೇಳಿದೆ. ನಿಮಗೂ ಹಾಗೇ ಹೇಳ್ತೀನಿ.

ಅಕ್ಕ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯೋಳು. ಅವಳ ಎದೆ ತಾಳ ತಪ್ಪಿ ಬಡಿಯುತ್ತೆ, ಹುಟ್ಟಿನಿಂದ. ನಮ್ಮ ಸಂಸ್ಥೆಯ ಔಷಧ ವಿಭಾಗದಲ್ಲಿ ಅದಕ್ಕೊಂದು ಹೊಸ ಗುಳಿಗೆ ಕಂಡುಹಿಡಿದಿದ್ದಾರೆ, ಪರೀಕ್ಷೆಗೆ ಜನ ಬೇಕು ಅಂದರು. ನಾನೇ ಸೇರಿಸಿದೆ. ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಅದೇ ಬಣ್ಣದ ಸಕ್ಕರೆ ಗುಳಿಗೆ. ಯಾರಿಗೆ ಯಾವುದು ಅಂತ ನುಂಗೋರಿಗೂ ಗೊತ್ತಿಲ್ಲ, ಕೊಡೋ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿರಬಾರದು. ಅದೇ ಆಟದ ನಿಯಮ.

ಇವತ್ತು ಬೆಳಿಗ್ಗೆ ಅಕ್ಕ ಹೊಲಿಗೆ ಮೆಷಿನ್ ಮೇಲೆ ಹಾಗೇ ಬಿದ್ದಳು.

ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ನೇರ ಮಾತು. "ನೋಡಿ, ಅವರ ಮೈಯಲ್ಲಿ ಆ ಹೊಸ ಔಷಧಿ ಇದ್ರೆ, ನಾನು ಈಗ ಕೊಡ್ಬೇಕಾದ ಇಂಜೆಕ್ಷನ್ ಅವರ ಎದೆ ನಿಲ್ಲಿಸುತ್ತೆ. ಸಕ್ಕರೆ ಆಗಿದ್ರೆ, ಇಂಜೆಕ್ಷನ್ ಕೊಡದಿದ್ರೆ ನಿಲ್ಲುತ್ತೆ. ಪರೀಕ್ಷೆಯವರ ತುರ್ತು ನಂಬರಿಗೆ ಮಾಡ್ತಾನೇ ಇದ್ದೀನಿ, ಯಾರೂ ಎತ್ತುತ್ತಿಲ್ಲ. ಹೋಗಿ ಅವರ ಬಾಯಿಂದ ಹೇಳ್ಸಿ. ಹೇಳದಿದ್ರೆ ಇದನ್ನ ನಿಮ್ಮಲ್ಲೇ ಟೆಸ್ಟ್ ಮಾಡ್ಸಿ." ಒಂದು ಟ್ಯೂಬು ರಕ್ತ ಕೈಗಿಟ್ಟಳು.

ಭಾವ ಮೂಲೆಯಲ್ಲಿ ನಿಂತು ಗಡಗಡ ನಡುಗುತ್ತಿದ್ದ. ಯಾರೂ ಯಾಕೆ ಎತ್ತಲಿಲ್ಲ ಗೊತ್ತಾ? ಇವತ್ತು ನಮ್ಮಲ್ಲಿ ಫಲಿತಾಂಶದ ದಿನ. ಹಿಮದವರು, ಮ್ಯಾಗ್ನೆಟ್‌ನವರು, ಔಷಧದವರು... ಎಲ್ಲರೂ ತಾವು ಕಂಡುಹಿಡಿದಿದ್ದನ್ನ ಪತ್ರಿಕೆಯವರಿಗೆ ಹೇಳೋ ದಿನ. ಔಷಧದವರದ್ದು ಇನ್ನೂ ಅರ್ಧ ದಾರಿಯ ಫಲಿತಾಂಶ, ಗುಂಪಿನ ಲೆಕ್ಕ ಮಾತ್ರ ಹೊರಗಿನವರು ಮಾಡಿಕೊಟ್ಟಿರ್ತಾರೆ, ಯಾರಿಗೆ ಯಾವುದು ಅನ್ನೋ ಪಟ್ಟಿ ಸೀಲ್ ಆಗೇ ಇರುತ್ತೆ. ಫೋನ್ ಎತ್ತಬೇಕಾದವನು ಕುರ್ಚಿ ಸಾಲು ಮಾಡುತ್ತಿದ್ದ.

ಬೈಕ್ ಹಾರಿಸಿಕೊಂಡು ಬಂದೆ. ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ. ಆ ಗುಳಿಗೆಯ ಅಪ್ಪ ಅವರೇ. ಕನ್ನಡಿ ಮುಂದೆ ಟೈ ಬಿಗಿದುಕೊಳ್ಳುತ್ತಿದ್ದರು.

"ಸಾರ್, ನನ್ನಕ್ಕ ಸಾಯ್ತಿದ್ದಾಳೆ. ಅವಳಿಗೆ ಕೊಟ್ಟಿದ್ದು ಯಾವುದು?"

ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನಕ್ಕಂದಾ? ಸಕ್ಕರೆ ಕಣೋ. ಧೈರ್ಯವಾಗಿ ಇಂಜೆಕ್ಷನ್ ಕೊಡ್ಸು."

ಕಾಲು ಹಿಡೀಬೇಕು ಅನ್ನಿಸಿತು. ಆಸ್ಪತ್ರೆಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. "ಇದನ್ನೇ ಆ ಡಾಕ್ಟರಮ್ಮಂಗೆ ಹೇಳಿ ಸಾರ್."

ಅವರು ಫೋನ್ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಹುಡುಗಿ ಏನೋ ಕೇಳಿದಳು. ಟೈ ಮೇಲಿದ್ದ ಕೈ ನಿಂತಿತು. ಮುಖ ಗೋಡೆಯ ಬಣ್ಣಕ್ಕೆ ತಿರುಗಿತು.

"ಇಲ್ಲಮ್ಮ," ಅಂದರು. "ನಂಗೆ ಹೇಗೆ ಗೊತ್ತಿರುತ್ತೆ? ಯಾರಿಗೆ ಯಾವುದು ಅನ್ನೋ ಕೋಡ್ ಸೀಲ್ ಆಗಿದೆ. ನಾನು ಯಾರಿಗೂ ಏನೂ ಹೇಳಿಲ್ಲ."

ಫೋನ್ ಕಟ್ ಮಾಡಿದರು. ಆಮೇಲೆ ನನ್ನ ಜೇಬು ನೋಡಿದರು. ಟ್ಯೂಬು ನೋಡಿದರು.

"ಅದನ್ನ ಇಲ್ಲಿ ಕೊಡು."

"ಯಾಕೆ ಸಾರ್?"

ಬೆಲ್ ಒತ್ತಿದರು. ಗೂಳಿ ಬಂದ.

ನಾನು ಓಡಿದೆ. ಕಾಲು ಅಭ್ಯಾಸಬಲದಿಂದ ನೆಲಮಾಳಿಗೆಗೆ ಎಳೆಯಿತು. ಕಣ್ಣಿಗೆ ಕಂಡ ಬಾಗಿಲಿಗೆ ನುಗ್ಗಿದೆ. ಅದು ಐಸ್ ಕೋಣೆ.

ಇಷ್ಟೇ.

ಮೇಡಂ ಉಸಿರು ಹೊಗೆಯಾಗಿ ಬರುತ್ತಿತ್ತು.

"ನೀನು ಕೇಳಿದ ತಕ್ಷಣ ಹೇಳಿದ್ರಾ? ಕಂಪ್ಯೂಟರ್ ನೋಡ್ಲಿಲ್ಲ? ಯಾರಿಗೂ ಫೋನ್ ಮಾಡ್ಲಿಲ್ಲ?"

"ಕನ್ನಡಿ ಬಿಟ್ಟು ಏನೂ ನೋಡ್ಲಿಲ್ಲ."

"ಹಾಗಾದ್ರೆ ಎರಡೇ ದಾರಿ," ಅಂದರು. "ಒಂದು, ನಿನ್ನ ಸಾಗಹಾಕೋಕೆ ಬಾಯಿಗೆ ಬಂದದ್ದು ಹೇಳಿದ್ದಾರೆ. ಇನ್ನೊಂದು..."

"ಇನ್ನೊಂದು?"

"ನಿಜವಾಗ್ಲೂ ಗೊತ್ತು. ಅಂದ್ರೆ ಮುಂಚೆಯೇ ಕದ್ದು ನೋಡಿದ್ದಾರೆ. ಯಾರಿಗೆ ಔಷಧಿ, ಯಾರಿಗೆ ಸಕ್ಕರೆ ಅಂತ ತಿಳ್ಕೊಂಡೇ ಇಷ್ಟು ದಿನ ನಿಮ್ಮನ್ನೆಲ್ಲ ಪರೀಕ್ಷೆ ಮಾಡಿದ್ದಾರೆ. ಔಷಧಿ ತಗೊಂಡೋರು ಹುಷಾರು ಅಂತ ಬರ್ಕೋಳೋಕೆ ಎಷ್ಟು ಹೊತ್ತು? ಹಾಗಿದ್ರೆ ಈಗ ಮೇಲೆ ಓದೋ ಫಲಿತಾಂಶ ಪೂರ್ತಿ ಕಸ." ಮೇಡಂ ಕನ್ನಡಕ ಒರೆಸಿಕೊಂಡರು. "ಆಸ್ಪತ್ರೆಗೆ ಹೇಳಿದ್ರೆ ಯಾವಾಗ ನೋಡಿದ್ರಿ ಅಂತ ಕೇಳ್ತಾರೆ. ಅದಕ್ಕೇ ಹೇಳಲ್ಲ."

"ಈಗ ಯಾವುದು ನಿಜ? ಸಕ್ಕರೆ ಅಂತ ನಂಬ್ಲಾ? ಬಿಡ್ಲಾ?"

"ನನ್ನ ಕೇಳ್ಬೇಡ. ಅದನ್ನ ಕೇಳು." ನನ್ನ ಕಂಕುಳು ತೋರಿಸಿದರು. "ಮ್ಯಾಗ್ನೆಟ್ ಹತ್ರ ಅಣು ತೂಗೋ ಯಂತ್ರ ಇದೆ."

ಮ್ಯಾಗ್ನೆಟ್ ಅಂದರೆ ಭೌತಶಾಸ್ತ್ರ ವಿಭಾಗದ ಒಬ್ಬ. ಮೇಲಿನ ಕೊನೇ ಮಹಡಿ. ನಡುವೆ ಮೆಟ್ಟಿಲು ತುಂಬ ಗೂಳಿಯ ಹುಡುಗರು.

ಮೇಡಂ ಕೋಣೆಯ ಗೋಡೆಯಲ್ಲಿದ್ದ ಒಂದು ಚೌಕದ ಮುಚ್ಚಳ ತೆಗೆದರು. ಐಸ್ ಕಂಬಗಳನ್ನ ಪಕ್ಕದ ಕತ್ತರಿಸೋ ಕೋಣೆಗೆ ಜಾರಿಸೋ ಕಿಂಡಿ.

"ತೂರ್ತೀಯಾ?"

"ಅಕ್ಕ ನನಗೆ ಹೊಟ್ಟೆ ತುಂಬ ಹಾಕಿದ್ರೆ ತೂರ್ತಿರಲಿಲ್ಲ."

ನಗಲಿಲ್ಲ ಅವರು. ಹೆದರಿದ್ದರು. ಕೆಲಸ ಹೋಗುತ್ತೆ ಅಂತ ಗೊತ್ತಿತ್ತು.

"ನಾನು ಬಾಗಿಲು ತಟ್ಟಿ ಅವನಿಗೆ ಉಗೀತೀನಿ. ಎಷ್ಟು ಹೊತ್ತಾಗುತ್ತೋ ಅಷ್ಟು ಹೊತ್ತು ಉಗೀತಾ ಇರ್ತೀನಿ. ನೀನು ಹೋಗು."

ಕೋಟು ಕಳಚಿ ಎಸೆದು ಕಿಂಡಿಯೊಳಗೆ ತಲೆ ಹಾಕಿದೆ. ಭುಜ ಸಿಕ್ಕಿಕೊಂಡಿತು. ಒಂದು ಕ್ಷಣ ಹಿಂದೂ ಇಲ್ಲ, ಮುಂದೂ ಇಲ್ಲ. ಲೋಹ ತಣ್ಣಗೆ ಚರ್ಮಕ್ಕೆ ಅಂಟಿತು. ಎಳೆದೆ. ಮೊಣಕೈ ಸಿಪ್ಪೆ ಅಲ್ಲೇ ಬಿಟ್ಟು ಆ ಕಡೆ ಬಿದ್ದೆ.

ಹಿಂದೆ ಧಡ್ ಧಡ್ ಅಂತ ಬಾಗಿಲು ಬಡಿದ ಸದ್ದು. ಬೋಲ್ಟ್ ತೆಗೆದ ಸದ್ದು. ಆಮೇಲೆ ಮೇಡಂ ದನಿ.

"ಏನಯ್ಯಾ, ನನ್ನನ್ನೂ ಐಸ್ ಅನ್ಕೊಂಡ್ಯಾ? ನಿನ್ನ ಕೆಲಸಕ್ಕೆ ಇಟ್ಟವನ್ಯಾರು, ಕರಿ ಅವನ್ನ..."

"ಅಮ್ಮಾ, ಸಾರಿ ಅಮ್ಮಾ, ಒಳಗೆ ಒಬ್ಬ ಕಳ್ಳ..."

"ಅಮ್ಮ ಅನ್ಬೇಡ. ನಿನ್ನಂಥ ಮಗ ಇದ್ದಿದ್ರೆ ಸನ್ಯಾಸ ತಗೋತಿದ್ದೆ."

ಕತ್ತರಿಸೋ ಕೋಣೆ ದಾಟಿದರೆ ಗೂಡ್ಸ್ ಲಿಫ್ಟ್. ಅದರ ಬಾಗಿಲ ಮುಂದೆ ಗಾಲಿ ಮೇಲೆ ನೈಟ್ರೋಜನ್ ಕ್ಯಾನು. ಸೊಂಟದೆತ್ತರ, ಬಾಯಿಂದ ಬಿಳಿ ಹೊಗೆ. ಮ್ಯಾಗ್ನೆಟ್‌ಗೆ ದಿನಾ ಹೋಗೋ ಕ್ಯಾನು.

ನಮ್ಮಲ್ಲಿ ಒಂದು ನಿಯಮ ಇದೆ. ದ್ರವ ನೈಟ್ರೋಜನ್ ಲಿಫ್ಟಲ್ಲಿ ಒಂಟಿಯಾಗೇ ಹೋಗಬೇಕು. ಕೆಳಗೆ ಒಬ್ಬ ಒಳಗೆ ತಳ್ಳಿ, ಸರಪಳಿ ಕಟ್ಟಿ, ಬಟನ್ ಒತ್ತಿ ಹೊರಗೆ ಬರಬೇಕು. ಮೇಲೆ ಇನ್ನೊಬ್ಬ ಕಾದಿದ್ದು ಎಳ್ಕೋಬೇಕು. ನಡುವೆ ಯಾರೂ ಹತ್ತಬಾರದು. ಯಾಕಂದರೆ ಅದು ಕುದಿದು ಗಾಳಿಯಾಗುತ್ತೆ, ಮುಚ್ಚಿದ ಡಬ್ಬಿಯೊಳಗಿನ ಉಸಿರಾಡೋ ಗಾಳಿನ ಆಚೆ ನೂಕುತ್ತೆ. ವಾಸನೆ ಇಲ್ಲ. ಕೆಮ್ಮು ಬರಲ್ಲ. ನಿಂತವನು ನಿಂತ ಹಾಗೇ ಮಡಚಿಕೊಂಡು ಬೀಳ್ತಾನೆ.

ಗೋಡೆಯ ಫೋನ್ ಎತ್ತಿ ಕೊನೇ ಮಹಡಿ ಒತ್ತಿದೆ.

"ಹಲೋ," ಅಂತ ನಿದ್ದೆಗಣ್ಣಿನ ದನಿ. ಮ್ಯಾಗ್ನೆಟ್.

"ಕ್ಯಾನು ಕಳಿಸ್ತಿದ್ದೀನಿ. ಗಾಲಿಯ ಕೆಳಪಟ್ಟಿಗೆ ಒಂದು ಟ್ಯೂಬು ಅಂಟಿಸ್ತೀನಿ. ಮನುಷ್ಯರ ರಕ್ತ. ಔಷಧ ವಿಭಾಗದ ಎದೆ ಗುಳಿಗೆ ಅದರಲ್ಲಿ ಇದ್ಯಾ ನೋಡ್ಬೇಕು. ಈಗಲೇ."

"ಅದಕ್ಕೆ ಫಾರಂ ತುಂಬ್ಬೇಕಲ್ಲಪ್ಪ..."

"ಅಣ್ಣಾ, ನನ್ನಕ್ಕಂದು."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ಕಳ್ಸು."

ಟ್ಯೂಬಿಗೆ ಮುತ್ತಿಟ್ಟು, ಹತ್ತಿ ಸುತ್ತಿ, ಗಾಲಿಯ ಕೆಳಪಟ್ಟಿಗೆ ಟೇಪ್ ಹಚ್ಚಿದೆ. ಕ್ಯಾನು ಒಳಗೆ ತಳ್ಳಿ ಸರಪಳಿ ಕಟ್ಟಿದೆ. ಬಟನ್ ಒತ್ತಿ ಹೊರಗೆ ಬಂದೆ. ಬಾಗಿಲು ಮುಚ್ಚಿತು. ಅಕ್ಕ ಮೇಲೆ ಹೊರಟಳು.

ಈಗ ನಾನು ಎಲ್ಲರ ಕಣ್ಣಿಗೆ ಬೀಳಬೇಕು. ಟ್ಯೂಬು ನನ್ನ ಹತ್ತಿರವೇ ಇದೆ ಅಂತ ಅವರು ಅಂದುಕೊಳ್ಳಬೇಕು.

ಎದೆಯ ಮೇಲೆ ಕೈ ಒತ್ತಿಕೊಂಡು ಮೆಟ್ಟಿಲಿಗೆ ಹಾರಿದೆ.

"ಅಲ್ಲಿದಾನೆ!"

ಇಬ್ಬರು. ಒಬ್ಬನ ಹೊಟ್ಟೆಗೆ ತಲೆ ಕೊಟ್ಟೆ. ಇನ್ನೊಬ್ಬ ನನ್ನ ಕಾಲರ್ ಹಿಡಿದ. ಕಾಲರ್ ಅವನ ಕೈಗೇ ಬಂತು. ಅಕ್ಕ ಹೊಲಿದಿದ್ದಲ್ಲ, ಬೇರೆ ಯಾರದ್ದೋ ಕೆಲಸ. ನೆಲಮಹಡಿಯ ಬಾಗಿಲು ಒದ್ದು ದೊಡ್ಡ ಹಾಲಿಗೆ ಬಿದ್ದೆ.

ಸೂಟು, ಕ್ಯಾಮೆರಾ, ಹೂವಿನ ಕುಂಡ, ಟೀ ಕಪ್ಪು. ಒಂದು ಮೇಜಿನ ಮೇಲೆ ಮ್ಯಾಗ್ನೆಟ್‌ನವರ ಕಪ್ಪು ಬಿಲ್ಲೆ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. ಇನ್ನೊಂದರ ಮೇಲೆ ಗಾಜಿನ ಲೋಟದಲ್ಲಿ ಹಳೇ ಐಸಿನ ಚೂರು. ಅದು ಕರಗುವಾಗ ಒಳಗೆ ಸಿಕ್ಕಿಬಿದ್ದ ಹಳೇ ಗಾಳಿ ಟಿಕ್ ಟಿಕ್ ಅಂತ ಒಡೆಯುತ್ತೆ. ಒಬ್ಬ ಹೆಂಗಸು ಲೋಟಕ್ಕೆ ಕಿವಿಗೊಟ್ಟು, "ಎಷ್ಟು ಮುದ್ದಾಗಿದೆ," ಅನ್ನುತ್ತಿದ್ದಳು. ಪಕ್ಕದ ಬೋರ್ಡಿನಲ್ಲಿ ಕೆಂಪು ಗೆರೆಯೊಂದು ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತಿಹೋಗಿತ್ತು. ಆ ಕಡೆ ಯಾರೂ ನೋಡುತ್ತಿರಲಿಲ್ಲ.

ವೇದಿಕೆ ಮೇಲೆ ದೊಡ್ಡ ಡಾಕ್ಟರ್.

"...ಗುಳಿಗೆ ಪಡೆದ ಗುಂಪಿನಲ್ಲಿ ಗಮನಾರ್ಹ ಸುಧಾರಣೆ..."

ನನ್ನ ನೋಡಿದರು. ಮಾತು ತಡವರಿಸಿತು. ಆದರೂ ನಿಲ್ಲಲಿಲ್ಲ. ಅಲ್ಲಿ ನಿಂತು ಕೂಗಬೇಕು ಅನ್ನಿಸಿತು. ಆದರೆ ಹರಿದ ಅಂಗಿಯವನು ಕೂಗಿದರೆ ಹುಚ್ಚ ಅಂತಾರೆ, ಸೂಟಿನವನು ಪಿಸುಗುಟ್ಟಿದರೂ ಫಲಿತಾಂಶ ಅಂತಾರೆ. ಕ್ಯಾಮೆರಾಗಳ ನಡುವೆ ನುಸುಳಿ ಆ ಕಡೆಯ ಮೆಟ್ಟಿಲು ಹಿಡಿದೆ. ಗೂಳಿಯ ಹುಡುಗರು ಅತಿಥಿಗಳ ಮುಂದೆ ಓಡೋಕಾಗದೆ ಬಿರುಸಾಗಿ ನಡೆಯುತ್ತಿದ್ದರು, ಹೊಟ್ಟೆ ಕೆಟ್ಟವರ ಹಾಗೆ.

ಮೊದಲ ಮಹಡಿಯ ತಿರುವಿನಲ್ಲಿ ಫೋನ್ ನಡುಗಿತು. ಭಾವ.

"ಎಲ್ಲಿದ್ದೀಯೋ? ಡಾಕ್ಟರಮ್ಮ ಜಾಸ್ತಿ ಹೊತ್ತಿಲ್ಲ ಅಂತಿದಾರೆ. ಪೆಟ್ಟಿಗೇಲಿ ಗೆರೆ ಹೇಗ್ಹೇಗೋ ಓಡ್ತಿದೆ. ನಂಗೆ ಕೈಕಾಲೇ ಆಡ್ತಿಲ್ಲ..."

"ಭಾವ, ಫೋನ್ ಡಾಕ್ಟರಮ್ಮನ ಹತ್ರ ಇಡು. ಕಟ್ ಮಾಡ್ಬೇಡ."

"ಚಾರ್ಜ್ ಇಲ್ಲ ಕಣೋ."

"ಯಾರದ್ದಾದ್ರೂ ಕಿತ್ಕೋ!"

ಕೊನೇ ಮಹಡಿಗೆ ಬಂದೆ. ಮ್ಯಾಗ್ನೆಟ್ ಗೂಡ್ಸ್ ಲಿಫ್ಟ್ ಮುಂದೆ ನಿಂತಿದ್ದ. ಬೋಳುತಲೆ, ಹವಾಯಿ ಚಪ್ಪಲಿ. ಮುಖದಲ್ಲಿ ಬಣ್ಣ ಇರಲಿಲ್ಲ.

"ಲಿಫ್ಟ್ ನಿಂತುಬಿಟ್ಟಿದೆ," ಅಂದ. "ಕೆಳಗಿನ ಮಹಡೀಲಿ ಯಾರೋ ಮಾಸ್ಟರ್ ಕೀ ಹಾಕಿ ತೆಗೆದ್ರು. ಆಮೇಲೆ ಹೊರಡ್ತು. ಇಲ್ಲಿಗೆ ಎರಡು ಮೊಳ ಕೆಳಗೆ ನಿಂತಿದೆ."

ಮಾಸ್ಟರ್ ಕೀ ಒಬ್ಬನ ಹತ್ತಿರ ಮಾತ್ರ ಇರೋದು.

ಇವತ್ತು ಸಮಾರಂಭ, ಗೂಡ್ಸ್ ಲಿಫ್ಟ್ ಓಡಬಾರದು ಅಂತ ಗೂಳಿಯದ್ದೇ ಆರ್ಡರು. ಮೇಡಂ ಹತ್ತಿರ ಉಗಿಸಿಕೊಂಡು ಮೇಲೆ ಬಂದವನು ಲಿಫ್ಟಿನ ದೀಪ ಓಡೋದು ನೋಡಿದ್ದಾನೆ. ಬುದ್ಧಿ ಓಡಿಸಿದ್ದಾನೆ. ಅವನು ಬುದ್ಧಿ ಓಡಿಸಬಾರದಿತ್ತು.

ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಬುಸ್ಸ್... ಅಂತ ಕುದಿಯೋ ಸದ್ದು. ಮನುಷ್ಯರ ಸದ್ದಿಲ್ಲ.

"ಕ್ಯಾನು ಬೀಳ್ಸಿದ್ದಾನೆ. ಅದು ಬಾಗಿಲಿಗೆ ಬಡಿದು ಲಿಫ್ಟ್ ನಿಂತಿದೆ," ಅಂದ ಮ್ಯಾಗ್ನೆಟ್.

ಕಬ್ಬಿಣದ ಸಲಾಕೆ ತಂದ. ಇಬ್ಬರೂ ಮೀಟಿದೆವು. ಬಾಗಿಲು ಬಿರುಕು ಬಿಟ್ಟಿತು. ಬಿಳಿ ಮಂಜು ನಮ್ಮ ಕಾಲಿನ ಮೇಲೆ ಹರಿಯಿತು. ಮ್ಯಾಗ್ನೆಟ್ ಜೇಬಿನಲ್ಲಿದ್ದ ಗಾಳಿ ಅಳೆಯೋ ಡಬ್ಬಿ ಕೀಂ... ಅಂತ ಕಿರುಚೋಕೆ ಶುರು ಮಾಡಿತು.

ಲಿಫ್ಟಿನ ನೆಲ ನಮ್ಮ ಕಾಲಿಗಿಂತ ಸೊಂಟದಷ್ಟು ಆಳದಲ್ಲಿತ್ತು. ಕ್ಯಾನು ಅಡ್ಡ. ಮಂಜಿನ ತಳದಲ್ಲಿ ಗೂಳಿ ಮಗುವಿನ ಹಾಗೆ ಮುದುಡಿ ಮಲಗಿದ್ದ. ತುಟಿ ನೀಲಿ. ಮುಷ್ಟಿಯಲ್ಲಿ ನನ್ನ ಟ್ಯೂಬು.

"ಇಳೀಬೇಡ," ಅಂದ ಮ್ಯಾಗ್ನೆಟ್. "ಗಾಳಿ ತಿರುಗ್ಲಿ. ಒಂದು ಉಸಿರು ತಗೊಂಡ್ರೆ ನೀನೂ ಅವನ ಪಕ್ಕಕ್ಕೆ."

"ಎಷ್ಟು ಹೊತ್ತು?"

"ಅವನಿಗೆ ಅಷ್ಟು ಹೊತ್ತಿಲ್ಲ. ನಿನ್ನಕ್ಕನಿಗೂ."

"ಬೆಲ್ಟ್ ಹಿಡ್ಕೋ."

ಹೊಟ್ಟೆ ತುಂಬ ಉಸಿರು ತುಂಬಿಕೊಂಡೆ. ಬಾಯಿ ಬಿಗಿದೆ. ಇಳಿದೆ.

ಭಯ ಅಂದರೆ ಏನು ಅಂತ ನನಗೆ ಆಗ ಗೊತ್ತಾಯಿತು. ಚಾಕು ನೋಡಿದ್ದೀನಿ, ಲಾಕಪ್ ನೋಡಿದ್ದೀನಿ. ಅವೆಲ್ಲ ಕಣ್ಣಿಗೆ ಕಾಣುತ್ತವೆ. ಇದು ಕಾಣಲ್ಲ. ಸುತ್ತ ಗಾಳಿ ಇದೆ, ಅದು ಗಾಳಿಯಲ್ಲ. ಎದೆ 'ಉಸಿರಾಡು' ಅನ್ನುತ್ತೆ, ಉಸಿರಾಡಿದರೆ ಮುಗೀತು.

ಬಗ್ಗಿದೆ. ಮುಷ್ಟಿ ಬಿಡಿಸಿದೆ. ಬೆರಳುಗಳು ಮರಗಟ್ಟಿದ್ದವು. ಒಂದೊಂದಾಗಿ ಕಿತ್ತೆ. ಟ್ಯೂಬು ಸಿಕ್ಕಿತು. ಮೇಲಕ್ಕೆ ಚಾಚಿದೆ. ಮ್ಯಾಗ್ನೆಟ್ ಕಸಿದುಕೊಂಡ, ನನ್ನನ್ನ ಎಳೆದ. ಮೇಲೆ ಬಂದು ನೆಲದ ಮೇಲೆ ಬಿದ್ದು, ಮೀನಿನ ಹಾಗೆ ಬಾಯಿ ಬಿಟ್ಟೆ.

ಟ್ಯೂಬಿಗೆ ಏನೂ ಆಗಿರಲಿಲ್ಲ.

"ನೀನು ಯಂತ್ರಕ್ಕೆ ಹೋಗು," ಅಂದೆ.

"ಬೆಲ್ಟ್ ಯಾರು ಹಿಡೀತಾರೆ?"

ಮೆಟ್ಟಿಲ ಬಾಗಿಲು ತೆರೆದುಕೊಂಡಿತು. ಗೂಳಿಯ ಇಬ್ಬರು ಹುಡುಗರು. ನನ್ನ ಮೇಲೆ ಬೀಳೋಕೆ ಬಂದವರು ಲಿಫ್ಟಿನೊಳಗೆ ನೋಡಿ ಕಲ್ಲಾದರು.

"ಬಾಸ್..."

"ನನ್ನ ಬೆಲ್ಟ್ ಹಿಡೀರಿ," ಅಂದೆ. "ಆಮೇಲೆ ಹೊಡೀರಿ."

ಹಿಡಿದರು. ಎರಡನೇ ಸಲ ಇಳಿದೆ. ಯಾಕೆ ಇಳಿದೆ? ಗೊತ್ತಿಲ್ಲ. ಅವನನ್ನ ಕಂಡರೆ ನನಗೆ ಆಗಲ್ಲ. ಆದರೆ ಅವನಿಗೂ ಎಲ್ಲೋ ಒಬ್ಬ ಅಕ್ಕ ಇರಬಹುದು... ಕಂಕುಳಿಗೆ ಕೈ ಹಾಕಿ ಎತ್ತಿದೆ. ಅಕ್ಕಿ ಮೂಟೆ ಭಾರ. ಎದೆ ಸಿಡಿಯೋಕೆ ಬಂತು. ಕಣ್ಣು ಕತ್ತಲೆ. ಮೇಲಿಂದ ನಾಲ್ಕು ಕೈ ಇಬ್ಬರನ್ನೂ ಒಟ್ಟಿಗೆ ಎಳೆದುಕೊಂಡವು.

ಗೂಳಿಯ ಎದೆ ಮೇಲೆ ಕೈಯಿಟ್ಟು ಒಬ್ಬ ಹುಡುಗ ಒತ್ತಿದ. ಒತ್ತಿದ. ಅಳುತ್ತಾ ಒತ್ತಿದ. ಗೂಳಿ ಕೊನೆಗೆ ಗೊರಕೆ ಹೊಡೆದ ಹಾಗೆ ಉಸಿರೆಳೆದ.

ನಾನು ತೆವಳಿಕೊಂಡೇ ಮ್ಯಾಗ್ನೆಟ್ ಕೋಣೆಗೆ ಹೋದೆ.

ಆಳೆತ್ತರದ ಯಂತ್ರ, ಗುಂಯ್ ಅನ್ನುತ್ತಿತ್ತು. ಪರದೆ ಮೇಲೆ ಗೆರೆಗಳು. ಅಷ್ಟರಲ್ಲಿ ಐಸ್ ಮೇಡಂ ಓಡಿ ಬಂದರು, ಟೋಪಿ ಇನ್ನೂ ತಲೆ ಮೇಲೆ.

"ಅವರ ಗುಳಿಗೆ ಪುಡಿ ಹೋದ ವರ್ಷ ಇಲ್ಲಿಗೇ ತೂಕಕ್ಕೆ ಬಂದಿತ್ತು," ಅಂದ ಮ್ಯಾಗ್ನೆಟ್. "ಅದರ ಗೆರೆ ಇಲ್ಲಿ ಏಳ್ಬೇಕು." ಪರದೆಯಲ್ಲಿ ಒಂದು ಜಾಗ ಮುಟ್ಟಿದ.

ಅಲ್ಲಿ ಏನೂ ಇರಲಿಲ್ಲ. ಚಪ್ಪಟೆ.

"ಸಕ್ಕರೆ," ಅಂದೆ. ಫೋನ್ ಎತ್ತಿದೆ. "ಸಕ್ಕರೆ ಅಂತ ಹೇಳ್ಲಾ?"

"ತಡಿ," ಅಂದ.

"ಏನು ತಡಿ?"

"ಇದೆ ಅನ್ನೋದು ಸುಲಭ. ಇಲ್ಲ ಅನ್ನೋದು ಕಷ್ಟ. ನಿಜವಾಗ್ಲೂ ಇಲ್ವೋ, ಯಂತ್ರಕ್ಕೆ ಇವತ್ತು ಕಣ್ಣು ಕಾಣ್ತಿಲ್ವೋ? ನೋಡ್ಬೇಕು."

"ಅಣ್ಣಾ, ಅವಳು..."

"ನಾನು ತಪ್ಪು ಹೇಳಿದ್ರೆ ಇಂಜೆಕ್ಷನ್ನೇ ಕೊಲ್ಲುತ್ತೆ. ಕೂತ್ಕೋ."

ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಬೇಕು ಅನ್ನಿಸಿತು. ಕೈ ಎದ್ದೂ ಇತ್ತು. ಮೇಡಂ ಆ ಕೈ ಹಿಡಿದುಕೊಂಡರು. ಅವರ ಕೈ ಐಸಿಗಿಂತ ತಣ್ಣಗಿತ್ತು.

ಮ್ಯಾಗ್ನೆಟ್ ಅಕ್ಕನ ರಕ್ತದ ಇನ್ನೊಂದು ತೊಟ್ಟು ತೆಗೆದ. ಅದಕ್ಕೆ ಹಳೇ ಗುಳಿಗೆ ಪುಡಿಯನ್ನ ಸೂಜಿಮೊನೆಯಷ್ಟು ತಾನೇ ಬೆರೆಸಿದ. ಯಂತ್ರಕ್ಕೆ ಕೊಟ್ಟ.

ಫೋನಿನಲ್ಲಿ ಆಸ್ಪತ್ರೆಯ ಸದ್ದು. ಪೀಂ... ಪೀಂ ಪೀಂ... ಪೀಂ. ತಾಳವೇ ಇಲ್ಲ. ನಡುವೆ ಭಾವ, "ದೇವ್ರೇ ದೇವ್ರೇ" ಅಂತಿದ್ದ. ಡಾಕ್ಟರಮ್ಮ, "ಇಂಜೆಕ್ಷನ್ ಕೈಯಲ್ಲಿದೆ. ಹೇಳಿ ಬೇಗ," ಅಂತಿದ್ದಳು.

ಗೆರೆ ಮೂಡಲಿಲ್ಲ. ಮೂಡಲಿಲ್ಲ...

ನಾನು ಪರದೆ ನೋಡೋದು ಬಿಟ್ಟು ಮ್ಯಾಗ್ನೆಟ್ ಮುಖ ನೋಡಿದೆ.

ಅವನ ಹುಬ್ಬು ಮೇಲೆ ಹೋಯಿತು. ಪರದೆಯ ಅದೇ ಜಾಗದಲ್ಲಿ ಒಂದು ಗೆರೆ ಚೂಪಾಗಿ ಎದ್ದು ನಿಂತಿತು.

"ಯಂತ್ರಕ್ಕೆ ಕಣ್ಣಿದೆ," ಅಂದ. "ನಾನು ಹಾಕಿದ್ದನ್ನ ಕಂಡಿದೆ. ಮೊದಲನೇ ಸಲ ಕಾಣ್ಲಿಲ್ಲ ಅಂದ್ರೆ ಇರಲಿಲ್ಲ." ಫೋನ್ ನನ್ನ ಕೈಯಿಂದ ತಗೊಂಡ. ತನ್ನ ಹುದ್ದೆ ಹೇಳಿದ. ಆಮೇಲೆ, "ನನ್ನ ಜವಾಬ್ದಾರಿ ಮೇಲೆ ಹೇಳ್ತಿದ್ದೀನಿ ಡಾಕ್ಟರ್. ಔಷಧಿ ಇಲ್ಲ. ಸಕ್ಕರೆ. ಕೊಡಿ."

"ಕೊಡ್ತಿದ್ದೀನಿ."

ಪೀಂ ಪೀಂ... ಪೀಂ.

ಆಮೇಲೆ ಏನೂ ಇಲ್ಲ.

ಆ ಮೌನ ಎಷ್ಟು ಹೊತ್ತಿತ್ತೋ ನಾನು ಹೇಳಲ್ಲ. ಮೇಡಂ ನನ್ನ ಕೈ ಬಿಡಲಿಲ್ಲ. ಮ್ಯಾಗ್ನೆಟ್ ಚಪ್ಪಲಿ ಕಡೆ ನೋಡುತ್ತಿದ್ದ.

ಪೀಂ.

ಪೀಂ.

ಪೀಂ. ಪೀಂ. ಪೀಂ. ಪೀಂ.

ಹೊಲಿಗೆ ಮೆಷಿನ್ ಹಾಗೆ. ನೇರ, ಸಮ.

"ತಾಳಕ್ಕೆ ಬಂತು," ಅಂದಳು ಡಾಕ್ಟರಮ್ಮ. "ಉಳೀತಾರೆ."

ಏನೋ ದೊಪ್ಪನೆ ಬಿದ್ದ ಸದ್ದು.

"ಅದೇನು?"

"ನಿಮ್ಮ ಭಾವ. ಪರ್ವಾಗಿಲ್ಲ, ನರ್ಸ್ ನೋಡ್ಕೋತಾರೆ."

ನಾನು ಅತ್ತೆನೋ ಇಲ್ಲವೋ ಅದು ನಿಮಗೆ ಬೇಡ.

ಹೊರಗೆ ಬಂದೆ. ಗೂಳಿ ಗೋಡೆಗೊರಗಿ ಕೂತಿದ್ದ, ಮುಖಕ್ಕೆ ಆಕ್ಸಿಜನ್ ಮಾಸ್ಕ್. ನನ್ನ ನೋಡಿ ಅದನ್ನ ಕೆಳಗೆ ಸರಿಸಿದ.

"ಏನು ಬಂತು?"

"ಸಕ್ಕರೆ. ಬೆಳಿಗ್ಗೆ ನಿಮ್ಮ ಸಾಹೇಬ್ರು ನಂಗೆ ಹೇಳಿದ್ದೂ ಅದೇ."

ಅವನು ಯೋಚಿಸಿದ. ಯೋಚನೆ ಅವನಿಗೆ ನೋವು ಕೊಡುತ್ತಿತ್ತು.

"ಅಂದ್ರೆ... ಸಾಹೇಬ್ರು ನಿಂಗೆ ಹೇಳಿದ್ದು ನಿಜಾನೇ?"

"ಹೂಂ."

"ನಿಜ ಹೇಳಿದ್ಮೇಲೆ ನನ್ನ ಯಾಕೆ ಕಳ್ಸಿದ್ರು? ನೀನೊಬ್ಬ ಕಳ್ಳ, ಮಾಲು ಕದ್ದಿದ್ದೀಯ ಅಂದ್ರು. ನಾನು ಸತ್ತೇ ಹೋಗಿದ್ನಲ್ಲೋ."

"ಆ ನಿಜ ಅವರಿಗೆ ಗೊತ್ತಿರಬಾರದಾಗಿತ್ತು," ಅಂದರು ಮೇಡಂ ಹಿಂದಿನಿಂದ. "ಯಾರಿಗೂ ಗೊತ್ತಿರಬಾರದಾಗಿತ್ತು. ಪರೀಕ್ಷೆ ಮುಗಿಯೋವರೆಗೆ."

ಗೂಳಿ ನಮ್ಮಿಬ್ಬರ ಮುಖ ನೋಡಿದ. ಮಾಸ್ಕ್ ಕಿತ್ತು ಹುಡುಗನ ಕೈಗೆ ಕೊಟ್ಟ. ಗೋಡೆ ಹಿಡಿದು ಎದ್ದ. ತೂರಾಡಿದ. ನಾನು ಭುಜ ಕೊಟ್ಟೆ.

"ಕೆಳಗೆ ಕರ್ಕೊಂಡು ಹೋಗು," ಅಂದ.

ಹಾಲಿನಲ್ಲಿ ಚಪ್ಪಾಳೆ ಬೀಳುತ್ತಿತ್ತು. ದೊಡ್ಡ ಡಾಕ್ಟರ್ ಬೆವರು ಒರೆಸಿಕೊಂಡು ನಗುತ್ತಿದ್ದರು. "ಯಾರಿಗಾದರೂ ಪ್ರಶ್ನೆಗಳಿದ್ದರೆ..."

ಕೊನೇ ಸಾಲಿನಲ್ಲಿ ಗೂಳಿ ಕೈ ಎತ್ತಿದ. ಯೂನಿಫಾರಂ ಮೇಲೆ ಇನ್ನೂ ಮಂಜಿನ ಬಿಳಿ, ತುಟಿ ಇನ್ನೂ ನೀಲಿ. ಕ್ಯಾಮೆರಾಗಳೆಲ್ಲ ಒಟ್ಟಿಗೆ ತಿರುಗಿದವು. ಯಾರೋ ಅವನ ಕೈಗೆ ಮೈಕ್ ಕೊಟ್ಟರು.

"ಸಾಹೇಬ್ರೇ," ಅಂದ. "ಇವನಕ್ಕಂದು ಸಕ್ಕರೆ ಗುಳಿಗೆ ಅಂತ ನಿಮಗೆ ಬೆಳಿಗ್ಗೇನೇ ಹೇಗೆ ಗೊತ್ತಿತ್ತು?"

ದೊಡ್ಡ ಡಾಕ್ಟರ್ ನೀರಿನ ಲೋಟಕ್ಕೆ ಕೈ ಚಾಚಿದರು. ಪತ್ರಿಕೆಯವರ ಪೆನ್ನುಗಳು ಮೇಲೆದ್ದವು. ಐಸ್ ಮೇಡಂ ನಮ್ಮ ಹಿಂದಿನಿಂದ ನಿಧಾನವಾಗಿ ಮುಂದೆ ಬಂದು, "ನನ್ನ ಪ್ರ‍ಶ್ನೆಯೂ ಅದೇ," ಅಂದರು.

ಉತ್ತರ ಕೇಳೋಕೆ ನಾನು ನಿಲ್ಲಲಿಲ್ಲ. ಅಕ್ಕನಿಗೆ ಎಚ್ಚರ ಆದಾಗ ಪಕ್ಕದ ಮಂಚದಲ್ಲಿ ಭಾವ ಮಲಗಿರೋದು ಕಂಡರೆ, ಅವಳೇ ಎದ್ದು ಅವನ ಸೇವೆ ಶುರು ಮಾಡಿಬಿಡ್ತಾಳೆ.